ಜಮಖಾನ ಹಾಸಿದ ದಿನ

ನನ್ನ ಮಗಳು ಕಸ್ತೂರಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮೇಲೆ ಎರಡನೆಯ ಯುಗಾದಿಯೂ ಕಳೆಯಿತು, ಕೂಸು ಮಾತ್ರ ಹೊರಗೆ ಬರಲಿಲ್ಲ. ಮೊದಮೊದಲು ಕೊಬ್ಬರಿ, ಬೆಲ್ಲ, ಕುಪ್ಪಸದ ಕಣ ಹಿಡಿದುಕೊಂಡು ಬರುತ್ತಿದ್ದ ಬೀಗರು ಆಮೇಲೆ ಬರಿಗೈಯಲ್ಲಿ ಬಂದರು, ಅದಾದ ಮೇಲೆ ಬರುವುದನ್ನೇ ಬಿಟ್ಟರು. ಅಳಿಯ ಚಂದ್ರಾಮ ಒಳ್ಳೆಯವನು, ವಾರಕ್ಕೊಮ್ಮೆ ಬಂದು ಹೆಂಡತಿಯ ಪಕ್ಕ ಕೂತು, "ಈ ವಾರ ಏನ್ ವಿಶೇಷ?" ಎಂದು ಕೇಳುತ್ತಿದ್ದ. "ಹಲ್ಲು ಬಂದಾವ ಅನಸ್ತದ, ಒಳಗ ಏನೋ ಕಟುಂ ಕಟುಂ ಅಂತದ," ಎಂದು ಅವಳು ಹೇಳುತ್ತಿದ್ದಳು. ಅವನು ತಲೆಯಾಡಿಸಿ, ಚಹಾ ಕುಡಿದು, ಸಂಜೆ ಬಸ್ಸಿಗೆ ಹೋಗುತ್ತಿದ್ದ.

ಇದರಲ್ಲಿ ಕಸ್ತೂರಿಯದಾಗಲಿ ಕೂಸಿನದಾಗಲಿ ತಪ್ಪಿರಲಿಲ್ಲ. ನಮ್ಮೂರಿನಲ್ಲಿ ಸರಕಾರಿ ದವಾಖಾನೆಯ ಮಂಚ ಖಾಲಿ ಇಲ್ಲದೆ ಯಾರ ಮೈಗೂ ಏನೂ ಆಗುವುದಿಲ್ಲ. ಜ್ವರಕ್ಕೂ ಮಂಚ ಬೇಕು, ಹೆರಿಗೆಗೂ ಬೇಕು, ಸಾಯುವುದಕ್ಕೂ ಬೇಕು. ಮಂಚ ಇಲ್ಲದಿದ್ದರೆ ಆಗಬೇಕಾದದ್ದು ಹೊಸ್ತಿಲಾಚೆ ನಿಂತು ಸರದಿ ಕಾಯುತ್ತದೆ. ಬೇವಿನ ಮರದಿಂದ ಬಿದ್ದವನು ಎದ್ದು ಧೂಳು ಕೊಡವಿಕೊಂಡು ನೇರ ದವಾಖಾನೆಗೆ ಹೋಗಿ, "ಡಾಕ್ಟರವ್ವಾ, ನನ್ನ ಕಾಲು ಯಾವಾಗ ಮುರೀತದ?" ಎಂದು ಕೇಳುತ್ತಿದ್ದ. "ಬುಧವಾರ ಬಾ. ಆ ಮೂಲಿ ಮಂಚದ ಮುದುಕ ಅವತ್ತ ಮನೀಗಿ ಹೋಗ್ತಾನ," ಎಂದು ಅವಳು ಹೇಳುತ್ತಿದ್ದಳು. ಬುಧವಾರ ಅವನು ಮಂಚದ ಮೇಲೆ ಕೂತ ಕೂಡಲೇ ಕಾಲು ಮುರಿಯುತ್ತಿತ್ತು, ಡಾಕ್ಟರವ್ವ ಪಟ್ಟಿ ಕಟ್ಟುತ್ತಿದ್ದಳು, ಕೆಲವು ದಿನಕ್ಕೆ ಅವನು ನಡೆದುಕೊಂಡು ಮನೆಗೆ ಹೋಗುತ್ತಿದ್ದ. ಮದುವೆಯ ಮುಹೂರ್ತ ಇಡುವ ಮೊದಲು ಬುದ್ಧಿವಂತರು ದವಾಖಾನೆಯಲ್ಲೊಂದು ಮಾತು ಕೇಳಿಬರುತ್ತಿದ್ದರು. ಹಂದರ ಕಟ್ಟುವವನಾದ ನನಗಂತೂ ಇದರಿಂದ ಅನುಕೂಲವೇ ಆಗಿತ್ತು, ಯಾರ ಮನೆ ಮುಂದೆ ಯಾವಾಗ ಗಳ ನೆಡಬೇಕೆಂಬುದು ಮುಂಚೆಯೇ ಗೊತ್ತಾಗುತ್ತಿತ್ತು.

ಮಂಚ ಅಂದರೆ ಬರೀ ಕಬ್ಬಿಣದ ಚೌಕಟ್ಟಲ್ಲ. ಅದರ ನಾಲ್ಕು ಕಾಲು ದವಾಖಾನೆಯ ನೆಲದ ಮೇಲಿರಬೇಕು, ಮೇಲೊಂದು ಬಟ್ಟೆ ಹಾಸಿರಬೇಕು. ಹಾಸಿಗೆ ಹಾಸದ ಮಂಚ ನಮ್ಮೂರಿನಲ್ಲಿ ಗುಜರಿ ಸಾಮಾನಿಗೆ ಸಮ. ಅದಕ್ಕೇ ಆಯಾಗಳು ಚಾದರ ಬದಲಿಸುವಾಗ ಒಂದು ಕೈಯಲ್ಲಿ ಹಳೆಯದನ್ನು ಎಳೆಯುತ್ತ ಇನ್ನೊಂದು ಕೈಯಲ್ಲಿ ಹೊಸದನ್ನು ಹರಡುತ್ತಿದ್ದರು, ನಡುವೆ ಬಿಟ್ಟರೆ ರೋಗಿ ಅರ್ಧಕ್ಕೇ ಎದ್ದು ಮನೆಗೆ ಹೊರಟುಬಿಡುತ್ತಿದ್ದ.

ಡಾಕ್ಟರವ್ವ ಅಂದರೆ ಡಾಕ್ಟರ್ ಮೃಡಾನಿ. ಕೈಗುಣ ಒಳ್ಳೆಯದು, ಬಾಯಿ ಕೆಟ್ಟದ್ದು. ಅವಳ ಮಂಚಗಳ ಮೇಲೆ ಮಲಗಿದವರಲ್ಲಿ ಬಹಳ ಜನ ಎದ್ದು ಹೋಗಿದ್ದಾರೆ. ನನ್ನ ಹೆಂಡತಿ ಸಂಗವ್ವ ಏಳಲಿಲ್ಲ. ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕ ಒಂದು ಕಾಲು ಸೊಟ್ಟಗಿದ್ದ ಮಂಚ, ಅದರ ಮೇಲೆ ಹೋದಳು. ಎದ್ದವರೆಲ್ಲರ ಲೆಕ್ಕ ಊರು ಇಟ್ಟುಕೊಳ್ಳಲಿ, ನನಗೆ ಆ ಸೊಟ್ಟ ಕಾಲೇ ಕಣ್ಣಿಗೆ ಕಟ್ಟಿತ್ತು.

ಹೀಗಿರುವಾಗ ರಾಜಧಾನಿಯಿಂದ ಧರಣೇಂದ್ರ ಸಾಹೇಬರೆಂಬ ವಿಶೇಷ ಅಧಿಕಾರಿ ಬಂದರು. ಮೃದು ಮಾತಿನ ಮನುಷ್ಯ, ಕೋಪವೆಂಬುದನ್ನೇ ಅರಿಯರು. ಗಂಡಸರ ವಾರ್ಡಿನಿಂದ ಒಂದು ಮಂಚ ತೆಗೆಸಿ ನೋಡಿದರು. ಅದರ ಮೇಲಿದ್ದ ಕಾಮಾಲೆಯ ದರ್ಜಿ ಎದ್ದು, ಅಂಗಿ ತೊಟ್ಟು, ಅಂಗಡಿಗೆ ಹೋಗಿ ಹೊಲಿಗೆಗೆ ಕೂತ. ಸಾಹೇಬರಿಗೆ ಕಣ್ಣು ತೆರೆದಂತಾಯಿತು. "ಮಂಚ ಕಡಿಮೆಯಾದರೆ ರೋಗ ಕಡಿಮೆಯಾಗುತ್ತದೆ. ಇಷ್ಟು ಸರಳವಾದ ಸಂಗತಿ ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವೇ?" ಎಂದರು. ಡಾಕ್ಟರವ್ವ, "ದರ್ಜಿಯ ಕಣ್ಣು ನೋಡ್ರಿ, ಇನ್ನೂ ಅರಿಷಿಣದ್ಹಂಗ ಅದಾವ," ಅಂದಳು. "ಕಣ್ಣಿನ ಬಣ್ಣ ಅವರವರ ಸ್ವಂತ ವಿಚಾರ," ಎಂದರು ಸಾಹೇಬರು. ಮಂಚಗಳು ಒಂದೊಂದಾಗಿ ಹಿತ್ತಲಿನ ತಗಡಿನ ಶೆಡ್ಡಿಗೆ ಹೋದವು. ಮಲಗುವವರಿಲ್ಲದ ಮೇಲೆ ಆಯಾಗಳೇಕೆ ಎಂದು ಅವರನ್ನೂ ಬಿಡಿಸಿದರು. ಹೆರಿಗೆ ವಾರ್ಡು ಮುಚ್ಚಿದ ದಿನ ಕಸ್ತೂರಿಗೆ ದಿನ ತುಂಬಿತ್ತು. ಬೆಳಿಗ್ಗೆ ಶುರುವಾದ ನೋವು ಮಧ್ಯಾಹ್ನ ಮಂಚ ಹೊತ್ತೊಯ್ದ ಗಳಿಗೆಗೆ ನಿಂತುಹೋಯಿತು.

ಮಂಚ ಹರಾಜಿಗೆ ಬಂದರೂ ನಮ್ಮೂರಿನವರು ಯಾರೂ ಕೂಗಲಿಲ್ಲ. ದವಾಖಾನೆಯ ಮಂಚ ಮನೆಗೆ ತರುವಷ್ಟು ತಲೆಕೆಟ್ಟವರು ನಮ್ಮಲ್ಲಿಲ್ಲ. ಅವು ಶೆಡ್ಡಿನಲ್ಲಿ ಗೋಡೆಗೊರಗಿ ತುಕ್ಕು ಹಿಡಿಯುತ್ತ ನಿಂತವು.

ಅದೇ ಹೊತ್ತಿಗೆ ಬಸ್ ನಿಲ್ದಾಣದ ಎದುರು ಗಾಜಿನ ದವಾಖಾನೆ ಎದ್ದಿತು. ಖಾಸಗಿಯವರದು. ಒಳಗೆ ಸಾಲುಸಾಲು ಮಂಚ, ಎಲ್ಲಕ್ಕೂ ಇಸ್ತ್ರಿ ಮಾಡಿದ ಬಿಳಿ ಚಾದರ. ಇಲ್ಲಿ ಊರಿನ ಕಟ್ಟಳೆ ತಿರುಗಿ ನಿಂತಿತು. ಸರಕಾರಿ ಮಂಚಕ್ಕೆ ರೋಗ ಕಾಯುತ್ತಿತ್ತು, ಇಲ್ಲಿ ಮಂಚವೇ ರೋಗಕ್ಕೆ ಕಾಯುತ್ತಿತ್ತು. ಬಸ್ಸಿಗೆಂದು ನಿಂತ ಗಟ್ಟಿಮುಟ್ಟಾದ ಜನರಿಗೆ ಇದ್ದಕ್ಕಿದ್ದಂತೆ ಮೊಣಕಾಲು ಹಿಡಿಯುತ್ತಿತ್ತು, ಕಣ್ಣಿಗೆ ಪೊರೆ ಬರುತ್ತಿತ್ತು, ಹೊಟ್ಟೆಯಲ್ಲಿ ಕಲ್ಲು ಏಳುತ್ತಿತ್ತು. ಬಟ್ಟೆ ಶುಭ್ರವಾಗಿದ್ದವರಿಗೆ ಬೇಗ ಹಿಡಿಯುತ್ತಿತ್ತೆಂದು ಜನ ಗಮನಿಸಿ, ಪೇಟೆಗೆ ಹೋಗುವಾಗ ಹರಿದ ಅಂಗಿ ಹಾಕಿಕೊಳ್ಳತೊಡಗಿದರು. ಒಳಗೆ ಹೋದವರ ಪೈಕಿ ಯಾರಿಗಾದರೂ ಕೈಮೀರಿದರೆ ಅವರನ್ನು ವ್ಯಾನಿನಲ್ಲಿ ತಂದು ಸರಕಾರಿ ದವಾಖಾನೆಯ ಗೇಟಿಗೆ ಇಳಿಸಿ ಹೋಗುತ್ತಿದ್ದರು. ಹೀಗಾಗಿ ಗಾಜಿನ ದವಾಖಾನೆಯಲ್ಲಿ ಒಬ್ಬರೂ ಸಾಯಲಿಲ್ಲ. ಸಾಹೇಬರು ಎರಡೂ ದವಾಖಾನೆಗಳನ್ನು ಪಕ್ಕಪಕ್ಕ ಇಟ್ಟು ಅಳೆದರು. ಒಂದರಲ್ಲಿ ಅಷ್ಟೊಂದು ಜನರಿಗೆ ಗುಣ, ಇನ್ನೊಂದರಲ್ಲಿ ಯಾರಿಗೂ ಇಲ್ಲ. ಯಾವುದು ಮೇಲು ಎಂದು ಹೇಳಲು ತಜ್ಞರೇ ಬೇಕೆ ಎಂದು ಅವರು ಕೇಳಿದರು.

ನಾನೂ ಎಮ್ಮೆ ಮಾರಿ ಕಸ್ತೂರಿಯನ್ನು ಅಲ್ಲಿಗೆ ಕರೆದೊಯ್ದೆ. ಹೆರಿಗೆಯ ಮಂಚ ಅವರಲ್ಲಿರಲಿಲ್ಲ, ಹೆರಿಗೆ ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆಂದು ಹೇಳಲಾಗದ ಕೆಲಸವಂತೆ. ಖಾಲಿ ಇದ್ದದ್ದು ಪಿತ್ತಕೋಶದ ಮಂಚ. ಬಾಗಿಲು ದಾಟಿದ್ದೇ ತಡ, ಒಂದು ದಿನವೂ ಹೊಟ್ಟೆನೋವು ಎನ್ನದಿದ್ದ ನನ್ನ ಮಗಳಿಗೆ ಪಿತ್ತಕೋಶದಲ್ಲಿ ಕಲ್ಲು ಹುಟ್ಟಿತು. ಕೂಸು ಹೆರಲು ಹೋದವಳು ಪಿತ್ತಕೋಶ ಕಳೆದುಕೊಂಡು ಬಂದಳು. ಪಕ್ಕದೂರಿಗೂ ಕರೆದೊಯ್ದೆ. ಅಲ್ಲಿ ಜನ ತಮ್ಮ ಮನಸ್ಸಿಗೆ ಬಂದಂತೆ ಹೆರುತ್ತಾರೆ, ಸಾಯುತ್ತಾರೆ. ಆದರೆ ನಮ್ಮೂರಿನ ಬಸುರಿಗೆ ಅವರ ಮಂಚ ಒಗ್ಗಲಿಲ್ಲ. ಅಲ್ಲಿಯ ಡಾಕ್ಟರು ಕೊಳವೆ ಇಟ್ಟು ಕೇಳಿ, "ಕೂಸು ಆರಾಮಾಗಿ ಕೂತು ಏನೋ ಗುನುಗ್ತಾ ಇದೆ," ಎಂದು ಮರಳಿ ಕಳಿಸಿದರು.

ಗುನುಗಲು ಕಲಿಸಿದ್ದು ನನ್ನ ತಾಯಿ ಕಲ್ಲವ್ವ. ಅವಳೂ ಕಾಯುವವಳೇ. ಹೆರಿಗೆ ವಾರ್ಡು ಮುಚ್ಚಿದ ವಾರವೇ ಹೆಂಗಸರ ವಾರ್ಡೂ ಮುಚ್ಚಿತ್ತು. ಅವತ್ತು ಬಚ್ಚಲಿನಲ್ಲಿ ಕೊಡ ಎತ್ತುತ್ತಿದ್ದ ಅವ್ವನ ಬಾಯಿಯ ಎಡ ಮೂಲೆ ಜಾರಲು ಹೊರಟದ್ದು ಹಾಗೇ ನಿಂತುಬಿಟ್ಟಿತು. ಡಾಕ್ಟರವ್ವ ನೋಡಿ, "ಲಕ್ವಾ. ಬಾಗಿಲಿಗಿ ಬಂದು ನಿಂತದ. ಮಂಚ ಸಿಕ್ಕ ದಿನ ಒಳಗ ಬರ್ತದ," ಎಂದಳು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಮಂಚ ಸಿಗದಿರಲಿ ಎಂದು ಮನೆದೇವರಿಗೆ ಕಾಯಿ ಒಡೆದೆ. ಮಗಳನ್ನು ನೋಡಿದಾಗ ಅದೇ ದೇವರಿಗೆ ಮಂಚ ಬೇಗ ಸಿಗಲೆಂದು ಇನ್ನೊಂದು ಕಾಯಿ ಒಡೆದೆ. ದೇವರು ನನ್ನನ್ನು ನೋಡಿ ತಲೆ ಕೆರೆದುಕೊಂಡಿರಬೇಕು.

ಆದರೆ ಕಾಯುವವರಿಗೆ ಹಸಿವಾಗುವುದಿಲ್ಲ, ನಿದ್ದೆ ಬರುವುದಿಲ್ಲ. ಅವ್ವ ರೊಟ್ಟಿಪ್ರಿಯಳು. ಬಿಸಿ ರೊಟ್ಟಿ ತಟ್ಟುವ ಸದ್ದು ಕೇಳಿದರೆ ಓಣಿಯ ತುದಿಯಿಂದ ಎದ್ದು ಬರುತ್ತಿದ್ದವಳು ಈಗ ತಾಟಿನ ಮುಂದೆ ಕೂತು ರೊಟ್ಟಿಯನ್ನು ಮುಟ್ಟಿ ನೋಡಿ ಪಕ್ಕಕ್ಕೆ ಇಡುತ್ತಿದ್ದಳು. ಊರಿನ ಕಟ್ಟೆಗಳ ತುಂಬ ಇಂಥವರೇ ಕೂತಿರುತ್ತಿದ್ದರು. ದರ್ಜಿ, ಮಂಚ ಹೋದ ಮೇಲೆ ಮರದಿಂದ ಬಿದ್ದವನೊಬ್ಬ, ಒಂದು ಸೀನನ್ನು ಮೂಗಿನ ತುದಿಯಲ್ಲಿ ಹಿಡಿದುಕೊಂಡೇ ವರ್ಷ ಕಳೆದ ಮಾಸ್ತರರು. ಅವ್ವ ಮಾತ್ರ ಕಸ್ತೂರಿಯ ಹೊಟ್ಟೆಯ ಮುಂದೆ ಕೂತು ಹಾಡು ಹೇಳುತ್ತಿದ್ದಳು. ಒಳಗಿನಿಂದ ಕೂಸು ಸರಿಯಾದ ಜಾಗದಲ್ಲಿ ತಾಳ ಹಾಕುತ್ತಿತ್ತು.

ಕೊನೆಯ ಮಂಚವೂ ಹೋದ ಮೇಲೆ ಸಾಹೇಬರು ಊರನ್ನು ರೋಗಮುಕ್ತವೆಂದು ಸಾರಲು ಸಮಾರಂಭ ಇಟ್ಟರು. ದವಾಖಾನೆಯ ಅಂಗಳದಲ್ಲೇ, ಮಂತ್ರಿಗಳು ಬರುತ್ತಾರೆ, ದೊಡ್ಡ ವೇದಿಕೆ ಬೇಕು ಎಂದು ನನ್ನನ್ನು ಕರೆಸಿದರು. "ಹಲಗೆ ಎಲ್ಲಾ ಗಾಜಿನ ದವಾಖಾನೆಯವರ ವಾರ್ಷಿಕೋತ್ಸವಕ್ಕ ಹೋಗ್ಯಾವ್ರಿ ಸಾಹೇಬ್ರ," ಎಂದೆ. ಅವರು ಸುತ್ತ ನೋಡಿದರು, ಕಣ್ಣು ಶೆಡ್ಡಿನ ಮೇಲೆ ಬಿತ್ತು. "ಆ ಮಂಚಗಳು ಸುಮ್ಮನೆ ಬಿದ್ದಿವೆಯಲ್ಲ, ಅವನ್ನೇ ಸಾಲಾಗಿ ಜೋಡಿಸಿ ಕಟ್ಟಿ. ಮೇಲೊಂದು ಜಮಖಾನ ಹಾಸಿದರೆ ಯಾರಿಗೆ ಗೊತ್ತಾಗುತ್ತದೆ? ಖರ್ಚೂ ಉಳಿಯುತ್ತದೆ."

ಮಂಚದ ಸಂಗತಿಯನ್ನು ಅವರು ಕಾಗದದ ಮೇಲಿಂದ ತೆಗೆದುಹಾಕಿದ್ದರು, ಅವರ ಪಾಲಿಗೆ ಅವು ಮಂಚಗಳೇ ಅಲ್ಲ. "ಆಗಲ್ರಿ," ಎಂದೆ. ಕಸ್ತೂರಿ ಹೆರುತ್ತಾಳೆ ಎಂದು ಕುಣಿಯಬೇಕೆನ್ನಿಸಿತು, ಮರುಗಳಿಗೆಗೆ ಅವ್ವನ ಬಾಯಿಯ ಎಡ ಮೂಲೆ ನೆನಪಾಯಿತು.

ಶೆಡ್ಡಿನಲ್ಲಿ ಮಂಚ ಎಳೆಯುವಾಗ ಆ ಸೊಟ್ಟ ಕಾಲಿನದು ಕೈಗೆ ಬಂತು. ಕಾಯುವವರೆಷ್ಟೋ ಮಂಚವೂ ಅಷ್ಟೇ ಇದ್ದವು. ಒಂದು ಕಡಿಮೆಯಾದರೆ ಒಬ್ಬರಿಗೆ ಸಿಗುವುದಿಲ್ಲ. ಕಸ್ತೂರಿಯನ್ನು ಮುಂದಿನ ಸಾಲಿನಲ್ಲಿ ಕೂಡಿಸಿದರೆ, ನಿಧಾನಕ್ಕೆ ನಡೆಯುವ ಅವ್ವ ಹಿಂದೆ ಉಳಿದೇ ಉಳಿಯುತ್ತಾಳೆ. ಹಾಗೆಂದು ಲೆಕ್ಕ ಹಾಕಿ ಆ ಮಂಚವನ್ನು ಕೈಗಾಡಿಯ ಮೇಲೆ ಹೇರಿ ಮನೆಗೆ ತಂದು, ಹಿತ್ತಲಿನಲ್ಲಿ ಕಟ್ಟಿಗೆಯ ಹಿಂದೆ ಇಟ್ಟೆ. ಅವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. "ಯಾಕ ತಂದಿ ಅದನ್ನ?" ಎಂದಳು. "ಸಂಡಿಗಿ ಒಣಸಾಕ," ಎಂದೆ. "ಸಂಡಿಗಿ," ಎಂದಳು.

ಸಮಾರಂಭದ ದಿನ ಬೆಳಿಗ್ಗೆಯೇ ಊರು ನೆರೆಯಿತು. ವೇದಿಕೆಯ ಮೇಲೆ ಕುರ್ಚಿ ಇಡುವ ಮೊದಲು ಜಮಖಾನ ಹಾಸಬೇಕು. ಧೂಳು ಕೂರುತ್ತದೆ, ಕಾರು ಬಂದಾಗ ಹಾಸಿ ಎಂದು ಸಾಹೇಬರು ಹೇಳಿದ್ದರು. ಮಂತ್ರಿಗಳ ಕಾರು ಗೇಟಿಗೆ ಬಂದಿತು. ನಾನು ಮುಂದಿನ ಸಾಲಿನಲ್ಲಿ ಕೂಡಿಸಿದ್ದ ಕಸ್ತೂರಿಯನ್ನೊಮ್ಮೆ ನೋಡಿ, ಜಮಖಾನದ ಎರಡು ತುದಿ ಹಿಡಿದು ಕೊಡವಿ, ಒಂದೇ ಸಲಕ್ಕೆ ಆ ತುದಿಯವರೆಗೆ ಹಾಸಿಬಿಟ್ಟೆ. ಏನೂ ಆಗಲಿಲ್ಲ. ಕುರ್ಚಿ ಬಂದವು, ಹಾರ ಬಂದವು, ಸಾಹೇಬರು ಮೈಕಿನ ಮುಂದೆ ನಿಂತು, "ಇಂದು ಈ ಊರಿನಲ್ಲಿ ರೋಗಿ ಎಂಬವನು ಒಬ್ಬನೂ ಇಲ್ಲ," ಎಂದರು. ಜನ ಚಪ್ಪಾಳೆ ತಟ್ಟಿದರು. ಆಗ ಮಾಸ್ತರರು ಸೀನಿದರು.

ವರ್ಷದ ಸೀನು ಅದು, ಮೈಕಿನಲ್ಲೂ ಕೇಳಿಸಿತು. ಅದರ ಹಿಂದೆಯೇ ಮರದಿಂದ ಬಿದ್ದವನ ಕಾಲು ಲಟಕ್ಕೆಂದಿತು. ದರ್ಜಿ ವಾಂತಿ ಮಾಡಿಕೊಂಡ. ಎಲ್ಲರಿಗೂ ತಿಳಿದುಹೋಯಿತು. ನಮ್ಮೂರಿನವರು ಮರ್ಯಾದಸ್ಥರು, ನುಗ್ಗಾಟ ಮಾಡಲಿಲ್ಲ. ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ, "ಸ್ವಲ್ಪ ಸರೀರಿ ಯಜಮಾನ್ರ, ಇದು ನನ್ನ ಮಂಚ," ಎಂದು ಗಣ್ಯರನ್ನು ಕುರ್ಚಿ ಸಮೇತ ಪಕ್ಕಕ್ಕೆ ಇಟ್ಟು ಮಲಗತೊಡಗಿದರು. ಮಂತ್ರಿಗಳು ಹಾರ ಹಾಕಿಕೊಂಡೇ ಕಾಲಿಗೆ ಬುದ್ಧಿ ಹೇಳಿದರು. ಡಾಕ್ಟರವ್ವ ಸೆರಗು ಸಿಕ್ಕಿಸಿ ವೇದಿಕೆ ಏರಿದಳು. ಆಯಾಗಳಿಲ್ಲ, ಕಂಪೌಂಡರಿಲ್ಲ. ಅವಳು ಸಲಾಯಿನ್ ಬಾಟಲಿಯನ್ನು ಸಾಹೇಬರ ಕೈಗೆ ಕೊಟ್ಟು, "ತಲಿ ಮ್ಯಾಲ ಎತ್ತಿ ಹಿಡೀರಿ. ಇಳಿಸಿದ್ರಿ ಅಂದ್ರ ದರ್ಜಿ ಹೋಗ್ತಾನ," ಎಂದಳು. ಸಾಹೇಬರು ಎತ್ತಿ ಹಿಡಿದು ನಿಂತರು, ಇನ್ನೊಂದು ಕೈಯಲ್ಲಿ ಭಾಷಣದ ಹಾಳೆ ಹಾಗೇ ಇತ್ತು.

ಇಷ್ಟರಲ್ಲಿ ನನ್ನ ಲೆಕ್ಕ ತಲೆಕೆಳಗಾಗಿತ್ತು. ಕಸ್ತೂರಿ ಮುಂದಿನ ಸಾಲಿನಲ್ಲಿ ಇರಲಿಲ್ಲ. ಆಯಿಯನ್ನು, ತನ್ನ ಅಜ್ಜಿಯನ್ನು, ಬಿಟ್ಟಿರಲು ಮನಸ್ಸಾಗದೆ ಭಾಷಣದ ಹೊತ್ತಿಗೆ ಹಿಂದೆ ಹೋಗಿ ಅವಳ ಜೊತೆಗೇ ಕೂತಿದ್ದಳು. ಇಬ್ಬರೂ ಕೈ ಹಿಡಿದುಕೊಂಡು ಮೆಟ್ಟಿಲಿಗೆ ಬರುವ ಹೊತ್ತಿಗೆ ವೇದಿಕೆಯ ಮೇಲೆ ಒಂದೇ ಮಂಚದ ಜಾಗ ಉಳಿದಿತ್ತು. ಕಸ್ತೂರಿಯ ಮುಖ ನೋವಿಗೆ ಕಪ್ಪಿಟ್ಟಿತ್ತು. ಅವ್ವನ ಬಾಯಿಯ ಎಡ ಮೂಲೆ ನಡುಗುತ್ತಿತ್ತು. "ಆಯಿ, ನೀ ಹತ್ತು," ಎಂದಳು ಮಗಳು. ಅವ್ವ ಅವಳ ಸೊಂಟಕ್ಕೆ ಕೈ ಕೊಟ್ಟು ಮೇಲಕ್ಕೆ ದೂಡಿದಳು.

'ರೋಗಮುಕ್ತ ಊರು' ಎಂದು ಬರೆದಿದ್ದ ಬಟ್ಟೆಯನ್ನೇ ಬಿಚ್ಚಿ ಮರೆ ಕಟ್ಟಿದೆವು. ಎರಡು ವರ್ಷದ ಕೂಸು ಸುಮ್ಮನೆ ಬರುತ್ತದೆಯೇ? ಕಸ್ತೂರಿಯ ಕೂಗಿಗೆ ಹಂದರದ ಗಳ ನಡುಗಿದವು, ನಾನು ಒಂದು ಗಳ ತಬ್ಬಿಕೊಂಡು ನಿಂತು ಅತ್ತೆ. ಸೂರ್ಯ ನೆತ್ತಿಯಿಂದ ಇಳಿಯುವಾಗ ಕೂಗು ನಿಂತಿತು. ಡಾಕ್ಟರವ್ವ ಮರೆಯ ಹೊರಗೆ ತಲೆ ಹಾಕಿ, "ಹೆಣ್ಣು. ಜಡಿ ಹಾಕುವಷ್ಟು ಕೂದಲದ. ನನ್ನ ಬೆರಳು ಕಚ್ಯಾಳ," ಎಂದಳು. ಕೂಸು ಅಳಲಿಲ್ಲ. ಬೆಳಕಿಗೆ ಕಣ್ಣು ಕಿರಿದು ಮಾಡಿ ಎಲ್ಲರನ್ನೂ ನೋಡಿತು. ಚಂದ್ರಾಮ ಕೈ ಚಾಚಿದರೆ ಮುಖ ತಿರುಗಿಸಿತು. ಮೆಟ್ಟಿಲ ಕೆಳಗಿನಿಂದ ಅವ್ವ, "ಏನಾತು?" ಎಂದು ಕೇಳಿದ್ದೇ ತಡ, ಆ ದನಿ ಬಂದ ಕಡೆ ತಿರುಗಿ, "ಆಯಿ," ಎಂದಿತು.

ಅವ್ವ ಮರಿಮಗಳನ್ನು ಮಡಿಲಲ್ಲಿ ಹಾಕಿಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಕೂಸನ್ನು ಚಂದ್ರಾಮನಿಗೆ ಕೊಟ್ಟು ನನ್ನನ್ನು ಕರೆದಳು. "ಈರಭದ್ರಾ, ಆ ಸಂಡಿಗಿ ಮಂಚ ತಗೊಂಡು ಬಾ."

"ಯಾಕವ್ವಾ. ಹಿಂಗೇ ಇರು. ಚಂದಾಗಿ ಅದೀಯಲ್ಲ."

"ಚಂದ? ಎರಡು ವರ್ಷಾತು ಕಣ್ಣು ಮುಚ್ಚಿಲ್ಲ. ರೊಟ್ಟಿ ಮಣ್ಣು ತಿಂದ್ಹಂಗ ಆಗ್ತದ."

"ಮಂಚ ಹಾಕಿದ್ರ ನೀ ಹೋಗ್ತಿ. ಸಂಗವ್ವ ಅದರ ಮ್ಯಾಲೇ ಹೋದ್ಲು. ನಾ ತರಂಗಿಲ್ಲ."

ಅವ್ವ ನನ್ನನ್ನು ದಿಟ್ಟಿಸಿ ನೋಡಿದಳು. ಸಿಟ್ಟು ಬಂದಿರಲಿಲ್ಲ, ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. "ಮಂಚ ತಗದ್ರ ರೋಗ ಹೋಗ್ತದ ಅಂತ ಆ ಬಾಟ್ಲಿ ಹಿಡಕೊಂಡು ನಿಂತಾನಲ್ಲ, ಅವ ಅಂದ. ನೀನೂ ಅದನ್ನೇ ಮಾಡಿದಿ. ಅವನಾದ್ರೂ ಹೊರಗಿನಂವ," ಎಂದಳು.

ನಾನು ಡಾಕ್ಟರವ್ವನ ಕಡೆ ನೋಡಿದೆ. ಅವಳು ಕೈ ಒರೆಸಿಕೊಳ್ಳುತ್ತ, "ಉಳಸ್ತೀನಿ ಅಂತ ಹೇಳಂಗಿಲ್ಲ ನಾ. ಮಂಚ ಇದ್ರ ನೋಡ್ತೀನಿ. ಇಲ್ಲಂದ್ರ ಏನ್ ನೋಡ್ಲಿ?" ಎಂದಳು.

ಮನೆಗೆ ಹೋದೆ. ಕೈಗಾಡಿ ಸಿಗಲಿಲ್ಲ, ಮಂಚವನ್ನು ತಲೆಯ ಮೇಲೆ ಹೊತ್ತೆ. ಸೊಟ್ಟ ಕಾಲು ದಾರಿಯುದ್ದಕ್ಕೂ ಬೆನ್ನಿಗೆ ಬಡಿಯುತ್ತಿತ್ತು. ಊರಿನಲ್ಲಿ ಯಾರಿಗೂ ಕಟ್ಟದಷ್ಟು ಜೋಪಾನವಾಗಿ ಅದನ್ನು ವೇದಿಕೆಯ ತುದಿಗೆ ಸೇರಿಸಿ, ಸೊಟ್ಟ ಕಾಲಿಗೆ ಕಲ್ಲು ಕೊಟ್ಟು, ಹಗ್ಗ ಬಿಗಿದೆ. ಹಾಸಲು ಬಟ್ಟೆ ಇರಲಿಲ್ಲ. ತಲೆಯ ರುಮಾಲು ಬಿಚ್ಚಿ ಹಾಸಿದೆ. ಅವ್ವ ಹತ್ತಿ, ಕಾಲು ನೀಡಿ, ಸೀರೆಯ ನಿರಿಗೆ ಸರಿಮಾಡಿಕೊಂಡಳು. ಬಾಯಿಯ ಎಡ ಮೂಲೆ ಜಾರಿತು. ಎಡಗೈ ಮಂಚದಿಂದ ಕೆಳಗೆ ಬಿತ್ತು, ನಾನು ಅದನ್ನು ಎತ್ತಿ ಅವಳ ಹೊಟ್ಟೆಯ ಮೇಲಿಟ್ಟೆ. ಡಾಕ್ಟರವ್ವ ಸೂಜಿ ಹಿಡಿದು ಬಂದಳು, "ಸರಿ ಅತ್ಲಾಗ," ಎಂದು ನನ್ನನ್ನು ಗದರಿದಳು. ಸ್ವಲ್ಪ ಹೊತ್ತಿಗೆ ಅವ್ವ ಗೊರಕೆ ಹೊಡೆಯತೊಡಗಿದಳು. ಆ ಸದ್ದು ಕೇಳಿ ಎಷ್ಟು ದಿನವಾಗಿತ್ತೆಂದರೆ ಮೊದಲು ನನಗೆ ಅದು ಏನೆಂದೇ ತಿಳಿಯಲಿಲ್ಲ.

ಬಾಟಲಿ ಹಿಡಿದ ಸಾಹೇಬರು ನನ್ನನ್ನು ಹತ್ತಿರ ಕರೆದು ಮೆಲ್ಲಗೆ, "ಈ ವೇದಿಕೆ ಯಾವಾಗ ಬಿಚ್ಚುತ್ತೀರಿ?" ಎಂದು ಕೇಳಿದರು. "ವಂದನಾರ್ಪಣೆ ಆಗಿಲ್ಲಲ್ರಿ," ಎಂದೆ. "ಕಾರ್ಯಕ್ರಮ ಮುಗೀಲಾರದ ಹಂದರ ಬಿಚ್ಚಂಗಿಲ್ಲ, ನಮ್ಮ ಕಸಬಿನಾಗ ಮೊದಲಿಂದ ಬಂದ ಪದ್ಧತಿ." ಅವರು ಯೋಚಿಸಿದರು, ನಿಯಮವೆಂದರೆ ಅವರಿಗೆ ಗೌರವ. ದರ್ಜಿಯ ಕಣ್ಣು ಆಗಲೇ ಒಂದಿಷ್ಟು ತಿಳಿಯಾಗಿತ್ತು, ಅದನ್ನು ಅವರೂ ಬಗ್ಗಿ ನೋಡಿದರು. ಸಮಾರಂಭ ಇನ್ನೂ ನಡೆಯುತ್ತಿದೆ ಎಂದು ಅವರು ಅವತ್ತೇ ರಾಜಧಾನಿಗೆ ತಿಳಿಸಿದರಂತೆ. ಇಂದಿಗೂ ನಡೆಯುತ್ತಲೇ ಇದೆ. ನಮ್ಮ ದವಾಖಾನೆಯಲ್ಲಿ ಒಂದೂ ಮಂಚವಿಲ್ಲ, ಒಂದು ವೇದಿಕೆ ಇದೆ. ವಂದನಾರ್ಪಣೆ ಮಾಡಬೇಕಾದವರು ಮಾಸ್ತರರು, ಅವರಿಗೆ ಗಂಟಲು ಸರಿಯಿಲ್ಲ.

ಬೆಳಿಗ್ಗೆ ಅವ್ವ ಕಣ್ಣು ಬಿಟ್ಟಾಗ ನಾನು ಪಕ್ಕದಲ್ಲೇ ಕೂತಿದ್ದೆ. ಅರ್ಧ ಮುಖ ನನ್ನ ಅವ್ವನದು, ಇನ್ನರ್ಧ ಯಾರದೋ. ಡಾಕ್ಟರವ್ವ ಕೈ ಚಿವುಟಿ, ಕಾಲು ಚಿವುಟಿ, "ಎಡಗೈ ಬರೋದು ಕಷ್ಟ. ಉಳಿದದ್ದು ನೋಡೂಣು," ಎಂದು ಮುಂದಿನ ಮಂಚಕ್ಕೆ ಹೋದಳು. ಅವ್ವ ಏನೋ ಹೇಳಿದಳು, ನಾಲಿಗೆ ತೊಡರಿತು. ನಾನು ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ದೆ.

"ರೊಟ್ಟಿ," ಎಂದಳು. "ಬಿಸೀದು."

ನಾನು ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಓಡಿದೆ.